ಎಟುಕದ ದ್ರಾಕ್ಷಿಯೇ ಸಿಹಿ

ಕೈಗೆಟುಕದ ದ್ರಾಕ್ಷಿ ಹುಳಿ ಎಂದ ನರಿ ಚೆನ್ನೈಯದಲ್ಲ, ಅದಂತೂ ಖಂಡಿತ. ಈ ಊರಿನ ನರಿಯಾಗಿದ್ದರೆ ಬಳ್ಳಿಯ ಬುಡದಲ್ಲೇ ಕೂತು, ಆ ಗೊಂಚಲು ಯಾವ ಇಳಿಜಾರಿನದು, ಆ ವರ್ಷ ಮಳೆ ಹೇಗಿತ್ತು, ಬಾಟಲಿ ಸೇರಿದ ಮೇಲೆ ಎಷ್ಟಕ್ಕೆ ಹೋದೀತು ಎಂದು ಇನ್ನೆರಡು ನರಿಗಳೊಡನೆ ರಾತ್ರಿ ಹನ್ನೊಂದರವರೆಗೆ ವಾದಿಸುತ್ತಿತ್ತು. ಕೊನೆಗೆ ಕಾಫಿ ಕುಡಿದು ಮನೆಗೆ ಹೋಗುತ್ತಿತ್ತು.

ನಮ್ಮದೂ ಅಂಥದೊಂದು ನರಿಕೂಟ. ಮೂರು ತಲೆಮಾರಿನಿಂದ ಮೈಲಾಪುರದಲ್ಲಿದ್ದು, ಅರ್ಧ ತಮಿಳು ಬೆರೆತ ಕನ್ನಡ ಆಡುವ ಆಡಿಟರರು, ನಿವೃತ್ತರಾದರೂ ಎದುರಿಗೆ ಕೂತವರ ನಾಡಿ ನೋಡುವ ಚಟ ಬಿಡದ ಡಾಕ್ಟರು, ಅಜ್ಜನ ಕಾಲದಲ್ಲಿ ಹೋಟೆಲು ನಡೆಸಲು ಉಡುಪಿ ಕಡೆಯಿಂದ ಬಂದ ಮನೆತನದ ರಾಯರು, ಮತ್ತೆ ನಾನು. ಆಗಾಗ ಯಾರಾದರೊಬ್ಬರ ಮನೆಯಲ್ಲಿ ಒಂದು ಬಾಟಲಿ ವೈನ್ ತೆರೆಯುತ್ತೇವೆ. ಬಾಟಲಿ ಬೇಗ ಮುಗಿಯುತ್ತದೆ, ಮಾತು ಮುಗಿಯುವುದಿಲ್ಲ.

ಮಾತು ಹೀಗೆ ಹೆಚ್ಚಿರುವುದಕ್ಕೆ ಸರ್ಕಾರದ ಪಾತ್ರವೂ ಇದೆ. ತಮಿಳುನಾಡಿನಲ್ಲಿ ಬಾಟಲಿ ಕೊಳ್ಳಬೇಕಾದರೆ ಟಾಸ್ಮಾಕ್‌ಗೆ ಹೋಗಬೇಕು. 1983ರಲ್ಲಿ ಸಗಟು ವ್ಯಾಪಾರಕ್ಕೆಂದು ಹುಟ್ಟಿದ ಈ ಸರ್ಕಾರಿ ನಿಗಮ 2003ರಲ್ಲಿ ಚಿಲ್ಲರೆ ಮಾರಾಟವನ್ನೂ ಕೈಗೆ ತೆಗೆದುಕೊಂಡಿತು. ರೆಸ್ಟೋರೆಂಟಿನಲ್ಲಿ ಕೂತು ಪಟ್ಟಿ ನೋಡಿ ವೈನ್ ತರಿಸಿಕೊಳ್ಳುವ ಆಸೆಯಿದ್ದರೆ ಸ್ಟಾರ್ ಹೋಟೆಲು ಹೊಗಬೇಕು, ಇಲ್ಲವೇ ಕ್ಲಬ್ಬಿನ ಸದಸ್ಯರಾಗಿರಬೇಕು. ಬೆಂಗಳೂರಿನ ಇಂದಿರಾನಗರದಲ್ಲಿ ಗಲ್ಲಿಯೊಳಗಿನ ಪುಟ್ಟ ಇಟಾಲಿಯನ್ ಹೋಟೆಲೂ ವೈನ್ ಪಟ್ಟಿ ಚಾಚುತ್ತದೆ. ಚೆನ್ನೈನಲ್ಲಿ ಅದೇ ಪಾಸ್ತಾ, ಅದೇ ರುಚಿ, ಪಕ್ಕದಲ್ಲಿ ಮಾತ್ರ ಲೈಮ್ ಸೋಡಾ. ಹೀಗಾಗಿ ನುಂಗಂಬಾಕ್ಕಂನ ತಾಜ್ ಕೋರಮಂಡಲ್, ಗಿಂಡಿಯ ಗ್ರ್ಯಾಂಡ್ ಚೋಳದಂಥ ಕಡೆ ಸಿಗುವ ಆ ಚರ್ಮದ ಹೊದಿಕೆಯ ಪಟ್ಟಿಗೆ ನಮ್ಮಲ್ಲಿ ಪಂಚಾಂಗದಷ್ಟು ಮರ್ಯಾದೆ.

ಇದು ಹಳೆಯ ಕಥೆ. ರಾಜಾಜಿ 1937ರಲ್ಲಿ ಸೇಲಂ ಜಿಲ್ಲೆಯಿಂದ ಪಾನನಿಷೇಧ ಶುರುಮಾಡಿದರು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅದು ಇಡೀ ಪ್ರಾಂತ್ಯಕ್ಕೆ ಹರಡಿತು. ಕರುಣಾನಿಧಿ 1971ರಲ್ಲಿ ತೆಗೆದರು, 1974ರಲ್ಲಿ ಅವರೇ ಮತ್ತೆ ತಂದರು. ಎಂಜಿಆರ್ 1981ರಲ್ಲಿ ಮತ್ತೆ ಬಾಗಿಲು ತೆರೆದರು. ನಿಷೇಧದ ದಿನಗಳಲ್ಲಿ ಕುಡಿಯಬೇಕಾದವರು ಪರ್ಮಿಟ್ ಮಾಡಿಸಬೇಕಿತ್ತು. ಆರೋಗ್ಯಕ್ಕೆ ಇದು ಅಗತ್ಯ ಎಂದು ವೈದ್ಯರು ಬರೆದುಕೊಡಬೇಕು. ನಮ್ಮ ಡಾಕ್ಟರು ತಮ್ಮ ಹಿರಿಯ ಸಹೋದ್ಯೋಗಿಗಳನ್ನು ನೆನೆಸಿಕೊಂಡು ನಗುತ್ತಾರೆ: “ಗಟ್ಟಿಮುಟ್ಟಾದವನನ್ನ ರೋಗಿ ಅಂತ ಬರೆಯೋದು ಸುಲಭ ಅಲ್ಲ ಸಾರ್. ಕೈ ನಡುಗಬೇಕು. ಅವನದಲ್ಲ, ಬರೆಯೋವನದು!”

ಅಂಥ ಮದ್ರಾಸಿಗೆ ಹೊರಗೆ ಕೂತು ತಿನ್ನುವ ರೂಢಿ ಹಿಡಿಸಿದವರಲ್ಲಿ ನಮ್ಮ ಕರಾವಳಿಯವರು ಮುಂದು. ಕಡಂದಲೆ ಕೃಷ್ಣರಾಯರ ವುಡ್‌ಲ್ಯಾಂಡ್ಸ್, ಸೀತಾರಾಮರಾಯರ ದಾಸಪ್ರಕಾಶ ಎಂದರೆ ಈಗಲೂ ಹಳಬರ ಮುಖ ಅರಳುತ್ತದೆ. ಕೆಥೆಡ್ರಲ್ ರಸ್ತೆಯಲ್ಲಿ 1962ರಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ನಲ್ಲಿ ಮರದ ನೆರಳಿಗೆ ಕಾರು ನಿಲ್ಲಿಸಿದರೆ ಕಿಟಕಿಗೇ ತಟ್ಟೆ ಬರುತ್ತಿತ್ತು. ಒಂದು ಕಾಫಿ ಹೇಳಿ ಅರ್ಧ ದಿನ ಕೂತರೂ ಎಬ್ಬಿಸುವವರಿರಲಿಲ್ಲ. 2008ರಲ್ಲಿ ಅದು ಮುಚ್ಚಿತು, ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಉದ್ಯಾನವಿದೆ. “ನಮ್ಮೋರು ಇಲ್ಲಿಗೆ ಬರೀ ದೋಸೆ ತಂದದ್ದಲ್ಲ ಮಾರಾಯ್ರೇ, ಕೂತು ಮಾತಾಡ್ಲಿಕ್ಕೆ ಜಾಗ ಕೊಟ್ಟದ್ದು” ಎಂದು ರಾಯರು ಎದೆಯುಬ್ಬಿಸುತ್ತಾರೆ. ನಿಜ. ಗ್ಲಾಸಿನಲ್ಲಿ ಏನಿದೆ ಎನ್ನುವುದು ಆಮೇಲಿನ ಮಾತು.

ಆಡಿಟರರಿಗೆ ಮಾತ್ರ ಗ್ಲಾಸಿಗಿಂತ ಮೊದಲು ಬಿಲ್ಲು. ಅವರ ಲೆಕ್ಕ ಹೀಗೆ. ಬಂದರಿಗೆ ಬಂದ ಬಾಟಲಿಯ ಬೆಲೆ ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಆಮದು ವೈನಿಗೆ ನಾವು ವರ್ಷಗಟ್ಟಲೆ ತೆತ್ತ ಸುಂಕ ಶೇಕಡಾ 150. ಅಲ್ಲಿಗೇ ಎರಡೂವರೆ ಸಾವಿರ. ಆಮದುದಾರನ ಲಾಭ, ರಾಜ್ಯದ ತೆರಿಗೆ ಪಕ್ಕಕ್ಕಿರಲಿ. ಕೊಂಡ ಬೆಲೆಯ ಮೂರು ಪಟ್ಟು ಹಾಕುವುದು ಜಗತ್ತಿನ ದೊಡ್ಡ ಹೋಟೆಲುಗಳ ವಾಡಿಕೆ. ಏಳೂವರೆ ಸಾವಿರವಾಯಿತು. ಬಾಟಲಿಯಲ್ಲಿರುವುದು 750 ಮಿಲಿಲೀಟರ್, ಅಂದರೆ ಐದು ಗ್ಲಾಸು. ಗ್ಲಾಸಿಗೆ ಹತ್ತು ಗುಟುಕು. “ಒಂದು ಗುಟುಕಿಗೆ ನೂರೈವತ್ತು ರೂಪಾಯಿ ಸಾರ್! ನುಂಗೋಕೆ ಮುಂಚೆ ಎರಡು ಸಲ ಯೋಚನೆ ಮಾಡಿ.” ನಾವು ಯೋಚಿಸುತ್ತೇವೆ. ವೈನನ್ನು ಬಾಯಲ್ಲಿ ಆಡಿಸಬೇಕು ಎಂಬ ಫ್ರೆಂಚರ ಶಾಸ್ತ್ರ ಈ ಲೆಕ್ಕದಿಂದಲೇ ಹುಟ್ಟಿದ್ದಿರಬೇಕು ಎಂದು ನನ್ನ ಗುಮಾನಿ.

ಪಟ್ಟಿ ಓದುವುದರಲ್ಲೂ ಮನುಷ್ಯರ ಸ್ವಭಾವ ಕಾಣುತ್ತದೆ. ಎಲ್ಲಕ್ಕಿಂತ ಅಗ್ಗದ್ದನ್ನು ಕೇಳಲು ನಾಚಿಕೆ, ಅದಕ್ಕೇ ಬಹಳ ಜನ ಎರಡನೆಯ ಅಗ್ಗದ್ದಕ್ಕೆ ಬೆರಳಿಡುತ್ತಾರೆ. ಬಡಿಸುವವರಿಗೆ ಇದು ಗೊತ್ತು, ಅವರಿಗೆ ಗೊತ್ತೆಂದು ನಮಗೂ ಗೊತ್ತು. ರುಚಿ ನೋಡಲೆಂದು ಮೊದಲು ಒಂದು ತೊಟ್ಟು ಸುರಿದು ನಿಲ್ಲುತ್ತಾರಲ್ಲ, ಅದು ವೈನ್ ಕೆಟ್ಟಿದೆಯೇ ಎಂದು ಕೇಳುವುದಷ್ಟೇ, ಇಷ್ಟವಾಯಿತೇ ಎಂದಲ್ಲ. ಆದರೂ ಮದುವೆಮನೆಯ ಸಾರಿಗೆ ಉಪ್ಪು ನೋಡುವ ಹಿರಿಯರ ಗಾಂಭೀರ್ಯದಲ್ಲಿ ನಾವು ತಲೆಯಾಡಿಸುತ್ತೇವೆ.

ಮನೆಯಲ್ಲಿ ವೈನ್ ಇಡುವುದು ಇನ್ನೊಂದು ಪಾಡು. ಪುಸ್ತಕಗಳು ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕೊಡಿ ಎನ್ನುತ್ತವೆ. ಆ ಕೋಣೆ ಯುರೋಪಿನದು, 16ರಿಂದ 18 ಡಿಗ್ರಿಯದು. ಅಗ್ನಿನಕ್ಷತ್ರವೆಂಬ ಕಡುಬೇಸಿಗೆಯ ಮೇ ತಿಂಗಳಲ್ಲಿ ನಮ್ಮ ಕೋಣೆಯಲ್ಲಿ ಮೊಸರೇ ಎರಡು ಗಂಟೆಗೆ ಹುಳಿ. ಹೀಗಾಗಿ ಡಾಕ್ಟರ ಮನೆಯ ಬಾಟಲಿಗಳೆಲ್ಲ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ನುಗ್ಗೇಕಾಯಿಯ ಜೊತೆ ಮಲಗಿರುತ್ತವೆ. 2016ರ ಡಿಸೆಂಬರ್‌ನಲ್ಲಿ ವರ್ದಾ ಚಂಡಮಾರುತ ಬೀಸಿ ಕರೆಂಟು ಹೋದಾಗ ಜನ ಮೊಂಬತ್ತಿಗೆ ಓಡಿದರೆ, ನಮ್ಮವರೊಬ್ಬರು ಐಸಿಗೆ ಓಡಿದರು.

ಈ ಸೆಖೆಗೆ ಹೇಳಿ ಮಾಡಿಸಿದ ವೈನ್ ಒಂದಿದೆ, ಮಡೈರಾ. ಪೋರ್ಚುಗೀಸರ ದ್ವೀಪದ್ದು. ಹಡಗಿನ ಹೊಟ್ಟೆಯಲ್ಲಿ ಉಷ್ಣವಲಯ ದಾಟುತ್ತ ಬೇಯುವ ಪೀಪಾಯಿಗಳು ಕೆಡುವ ಬದಲು ರುಚಿ ಕಟ್ಟುತ್ತವೆ ಎಂದು ವ್ಯಾಪಾರಿಗಳು ಕಂಡುಕೊಂಡರು. ಈಗಂತೂ ಹಡಗಿನ ಗೊಡವೆಯಿಲ್ಲದೆ, ಹೆಚ್ಚಿನದನ್ನು ಕನಿಷ್ಠ ಮೂರು ತಿಂಗಳು 45-50 ಡಿಗ್ರಿಯಲ್ಲಿ ಕಾಯಿಸಿಯೇ ತಯಾರಿಸುತ್ತಾರೆ. ಸೇಂಟ್ ಜಾರ್ಜ್ ಕೋಟೆಯ ಕಂಪನಿ ಸಾಹೇಬರು ಕುಡಿಯುತ್ತಿದ್ದದ್ದೂ ಇದನ್ನೇ. ಬಿಸಿಲಿಗೆ ಹೆದರದ ಒಂದೇ ವೈನನ್ನು ಹದಿನೆಂಟನೇ ಶತಮಾನದವರು ಆರಿಸಿಕೊಂಡಿದ್ದರು. ನಾವೋ ನುಗ್ಗೇಕಾಯಿಯ ಪಕ್ಕ ಬರ್ಗಂಡಿ ಮಲಗಿಸುತ್ತೇವೆ.

ರಸಿಕತೆಗೆ ಮಾತ್ರ ಈ ಊರಲ್ಲಿ ಬರವಿಲ್ಲ. ಕಾಫಿಗೆ ಪೀಬೆರಿಯ ಜೊತೆ ಎಷ್ಟು ಪ್ಲಾಂಟೇಷನ್ ಎ ಬೆರೆಸಬೇಕು, ಚಿಕೋರಿ ಎಷ್ಟು ಎಂದು ಇಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಡಿಸೆಂಬರ್ ಸಂಗೀತ ಕಚೇರಿಗಳಲ್ಲಿ ತೋಡಿಯ ಗಾಂಧಾರ ಒಂದು ಕೂದಲೆಳೆ ಜಾರಿದರೂ ಕೊನೆಯ ಸಾಲಿನ ಮಾಮಿಯ ಹುಬ್ಬು ಏರುತ್ತದೆ. ಎಷ್ಟೋ ಕಚೇರಿಗಳಿಗೆ ಟಿಕೆಟೇ ಇಲ್ಲ, ಹಾಗಾಗಿ ಅಲ್ಲಿ ಮಾತು ರಾಗದ ಬಗ್ಗೆಯೇ. ವೈನಿನ ವಿಷಯದಲ್ಲಿ ಹಾಗಲ್ಲ. ಗುಟುಕು ದುಬಾರಿಯಾದ್ದರಿಂದ ನಾಲಿಗೆ ರುಚಿಯನ್ನು ಬಿಟ್ಟು ಬೆಲೆಯನ್ನು ಸವಿಯುತ್ತದೆ. ಲೇಬಲ್ಲಿಗೆ ಬಟ್ಟೆ ಸುತ್ತಿ ಸುರಿದರೆ ನಮ್ಮ ಕೂಟದಲ್ಲಿ ಮೌನ, ಬೆಲೆ ಹೇಳಿದೊಡನೆ ಎಲ್ಲರಿಗೂ ಮೆಣಸಿನ ಘಮ, ದಾಲ್ಚಿನ್ನಿಯ ಎಳೆ!

ಮೆಣಸು, ದಾಲ್ಚಿನ್ನಿ ಎಂದಾಗ ನೆನಪಾಯಿತು. ಆಯುರ್ವೇದದ ದ್ರಾಕ್ಷಾರಿಷ್ಟಕ್ಕೆ ಅವೆರಡನ್ನೂ ಹಾಕುತ್ತಾರೆ. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಏಲಕ್ಕಿ, ಹಿಪ್ಪಲಿ, ಧಾತಕಿ ಹೂ ಸೇರಿಸಿ ವಾರಗಟ್ಟಲೆ ಹುದುಗು ಬರಿಸುತ್ತಾರೆ. ಮದ್ಯಾಂಶ ತಾನಾಗಿ ಹುಟ್ಟಿಕೊಳ್ಳುತ್ತದೆ. ಏಕಾದಶಿ ತಪ್ಪಿಸದ ಎಷ್ಟೋ ಅಜ್ಜಂದಿರು ಊಟವಾದ ಮೇಲೆ ಇದನ್ನು ಸಮ ನೀರು ಬೆರೆಸಿ ಕಣ್ಣು ಮುಚ್ಚಿ ಹೀರುತ್ತಿದ್ದರು. ಬೆಲೆ ಕೇಳಿದವರಿಲ್ಲ, ವಿಂಟೇಜ್ ಕೇಳಿದವರಿಲ್ಲ. ಮದ್ರಾಸಿನ ಯಾವ ನಿಷೇಧ ಕಾಲದಲ್ಲೂ ಅವರ ಮರ್ಯಾದೆಗೆ ಕುಂದು ಬರಲಿಲ್ಲ.

ಸುಂಕದ ಕಾಟವಿಲ್ಲದ್ದು ನಮ್ಮೂರಿನ ವೈನ್. ಕನ್ವಲ್ ಗ್ರೋವರ್ 1988ರಲ್ಲಿ ನಂದಿಬೆಟ್ಟದ ತಪ್ಪಲಲ್ಲಿ ಕಂಪನಿ ಕಟ್ಟಿದರು, ಆಮೇಲೆ ಬೋರ್ಡೋದ ಮಿಶೆಲ್ ರೋಲಾನ್ ಬಂದು ಸಲಹೆ ಕೊಟ್ಟರು. ಹಂಪಿಯ ಕಡೆ ಕೃಷ್ಮಾ ತೋಟ ಎದ್ದಿತು. ಕರ್ನಾಟಕ 2007ರಲ್ಲಿ ವೈನ್ ನೀತಿಯನ್ನೇ ತಂದಿತು. ಚೆನ್ನೈನ ಪಟ್ಟಿಯಲ್ಲಿ ‘ನಂದಿ ಹಿಲ್ಸ್’ ಕಂಡಾಗ ರಾಯರ ಬೆರಳು ಬೆಲೆಯ ಕಡೆ ಜಾರುವುದೇ ಇಲ್ಲ. “ಮೊದಲು ಇದು ಹೇಳಿ ಮಾರಾಯ್ರೇ” ಎನ್ನುತ್ತಾರೆ. ಊರಿನ ಅಭಿಮಾನಕ್ಕಾದರೂ ಒಂದು ಬಾಟಲಿಯನ್ನು ನಾವು ಲೆಕ್ಕವಿಲ್ಲದೆ ಕುಡಿಯುತ್ತೇವೆ. ಆ ಸಂಜೆಗಳಲ್ಲಿ ವೈನಿನ ರುಚಿ ನಿಜಕ್ಕೂ ಗೊತ್ತಾಗುತ್ತದೆ.

ಆಡಿಟರರು ಈಗ ಹೊಸ ಲೆಕ್ಕ ಹಿಡಿದಿದ್ದಾರೆ. ಆಸ್ಟ್ರೇಲಿಯಾ ಜೊತೆಗಿನ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಹದಿನೈದು ಅಮೆರಿಕನ್ ಡಾಲರಿಗೆ ಮೇಲ್ಪಟ್ಟ ಬಾಟಲಿಗೆ ಸುಂಕ ಆಗಲೇ ಶೇಕಡಾ 75ಕ್ಕೆ ಇಳಿಯಿತು, ಹತ್ತು ವರ್ಷದಲ್ಲಿ 25ಕ್ಕೆ ಇಳಿಯಬೇಕು. “2032ಕ್ಕೆ ಕೈಗೆಟುಕುತ್ತೆ ಸಾರ್, ಆಮೇಲೆ ನಿಶ್ಚಿಂತೆ” ಎಂದರು ಮೊನ್ನೆ. ಡಾಕ್ಟರು ಅಭ್ಯಾಸಬಲದಿಂದ ಅವರ ಮಣಿಕಟ್ಟು ಹಿಡಿದು, ಗಡಿಯಾರ ನೋಡಿ, ನಿಧಾನವಾಗಿ ಹೇಳಿದರು: “ಅಷ್ಟೊತ್ತಿಗೆ ನಿಮಗೆ ನಾನು ಬರೆದುಕೊಡೋದು ದ್ರಾಕ್ಷಾರಿಷ್ಟ. ಊಟದ ನಂತರ ಎರಡು ಚಮಚ.”

ಆಡಿಟರರು ಗಾಬರಿಯಾಗಲಿಲ್ಲ. ಅದಕ್ಕೆ ಜಿಎಸ್‌ಟಿ ಎಷ್ಟು ಎಂದು ಕೇಳಿದರು.