ಒಂದೇ ಖೋಲಿಯ ನಾಲ್ಕು ಇಯತ್ತೆಗಳು

ನವಲಗುಂದ ತಾಲೂಕಿನ ಎರಿ ಹೊಲಗಳ ನಡುವಿನ ಊರುಗಳಲ್ಲಿ ಸಾಲಿಯ ಹಾಜರಿ ಪುಸ್ತಕ ತೆರೆದರೆ ಹೊಲದಲ್ಲಿ ಯಾವ ಬೆಳೆ ಕೈಗೆ ಬಂದಿದೆ ಎಂದು ಹೇಳಬಹುದಿತ್ತು. ಶ್ರಾವಣದಲ್ಲಿ ಹೆಸರು ಬಿಡಿಸುವಾಗ ಒಂದಿಷ್ಟು ಮಕ್ಕಳು ಗೈರು. ದೀಪಾವಳಿ ದಾಟಿ ಹತ್ತಿ ಬಿಡಿಸುವಾಗ ಇನ್ನೊಂದಿಷ್ಟು. ಮೆಣಸಿನಕಾಯಿ ಹರಿಯುವ ಸುಗ್ಗಿಯಲ್ಲಂತೂ ಹಿಂದಿನ ಎರಡು ಸಾಲು ಪೂರ್ತಿ ಖಾಲಿ. ಹದಿನೈದು ದಿನ ಹೊಲದಲ್ಲಿದ್ದು ಮರಳಿ ಬಂದ ಹುಡುಗ ಪಾಟಿಚೀಲ ಇಟ್ಟು ಕೂತಾಗ ಫಳಿಯ ಮೇಲಿನ ಪಾಠ ಅವನು ಬಿಟ್ಟುಹೋದ ಜಾಗದಿಂದ ಬಹಳ ಮುಂದೆ ಹೋಗಿರುತ್ತಿತ್ತು. ಅವನಿಗಾಗಿ ಯಾರೂ ಹಿಂದಕ್ಕೆ ಹೋಗುತ್ತಿರಲಿಲ್ಲ.

ನಾನು ಧಾರವಾಡದಲ್ಲಿ ಟಿ.ಸಿ.ಎಚ್. ಮುಗಿಸಿ ಕೆಲಸಕ್ಕೆ ಸೇರಿದ್ದು 1980ರ ದಶಕದ ಕೊನೆಯಲ್ಲಿ. ಆಗಿನ ಸಣ್ಣ ಊರಿನ ಸಾಲಿ ಎಂದರೆ ಒಂದು ಖೋಲಿ, ನಾಲ್ಕು ಇಯತ್ತೆ, ಒಬ್ಬರೋ ಇಬ್ಬರೋ ಕಲಿಸುವವರು. ಒಂದನೆಯವರಿಗೆ ಅಕ್ಷರ ತಿದ್ದಲು ಕೊಟ್ಟು, ಎರಡನೆಯವರಿಗೆ ಮಗ್ಗಿ ಹಚ್ಚಿ, ಮೂರನೆಯವರಿಗೆ ಶುದ್ಧಬರಹ ಹೇಳಿ, ನಾಲ್ಕನೆಯವರ ಕಡೆ ತಿರುಗುವಷ್ಟರಲ್ಲಿ ಒಂದನೆಯವರು ಅಂಗಳದಲ್ಲಿರುತ್ತಿದ್ದರು. ಖೋಲಿಯನ್ನು ಹಿಡಿದಿಡಲು ನಮ್ಮ ಕೈಯಲ್ಲಿದ್ದ ಉಪಾಯ ಒಂದೇ: ಉಜಳಣಿ. ಒಬ್ಬ ಶ್ಯಾಣ್ಯಾ ಹುಡುಗ ಮುಂದೆ ನಿಂತು ಹೇಳುವುದು, ಉಳಿದವರು ಒಕ್ಕೊರಲಿನಿಂದ ಒಪ್ಪಿಸುವುದು. ಅದನ್ನು ನಾನು ಹಗುರ ಮಾಡಿ ಮಾತಾಡಲಾರೆ. ಕಾಲು, ಅರ್ಧ, ಮುಕ್ಕಾಲರ ಮಗ್ಗಿಯನ್ನು ಹಾಗೆ ಕಲಿತ ಹಿರಿಯರು ಅಣ್ಣಿಗೇರಿಯ ಸಂತೆಯಲ್ಲಿ ಕಾಗದ, ಪೆನ್ನು ಮುಟ್ಟದೆ ಲೆಕ್ಕ ಮಾಡುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಒಕ್ಕೊರಲಿನಲ್ಲಿ ಯಾರ ಬಾಯಿ ಬರಿದೇ ಅಲ್ಲಾಡುತ್ತಿದೆ ಎಂಬುದು ಕೇಳಿಸುವುದಿಲ್ಲ. ಎರಡು ವರ್ಷ ಹಾಗೆ ಬಾಯಿ ಆಡಿಸಿದ ಮಗುವಿನ ಹೆಸರಿನ ಮುಂದೆ ಊರೇ ‘ದಡ್ಡ’ ಎಂದು ಸೇರಿಸಿಬಿಡುತ್ತಿತ್ತು. ಅಪ್ಪ ಬಂದು, “ಅಕ್ಕೋರ, ಇವನ ತಲಿಗೆ ಹತ್ತಂಗಿಲ್ರಿ, ಎಮ್ಮಿ ಕಾಯಾಕ ಹಚ್ತೀನಿ” ಎಂದು ಕರೆದುಕೊಂಡು ಹೋದರೆ ಅಲ್ಲಿಗೆ ಅವನ ಓದು ಮುಗಿಯಿತು.

ಬದಲಾವಣೆಯ ಗಾಳಿ ಬೀಸಿದ್ದು ನಮ್ಮ ಜಿಲ್ಲೆಯಿಂದ ಬಹಳ ದೂರದಲ್ಲಿ. ಆಂಧ್ರದ ಮದನಪಲ್ಲಿಯ ಹತ್ತಿರ ಜೆ. ಕೃಷ್ಣಮೂರ್ತಿ ಅವರು ಕಟ್ಟಿದ ರಿಷಿ ವ್ಯಾಲಿ ಶಾಲೆ ಸುತ್ತಲಿನ ಹಳ್ಳಿಗಳಲ್ಲಿ ಒಬ್ಬೊಬ್ಬ ಶಿಕ್ಷಕರ ಸಣ್ಣ ಶಾಲೆಗಳನ್ನು ನಡೆಸುತ್ತಿತ್ತು. ಅಲ್ಲಿ ಪಠ್ಯಪುಸ್ತಕವನ್ನು ಬಿಡಿಸಿ ನೂರಾರು ಕಾರ್ಡುಗಳನ್ನಾಗಿ ಮಾಡಿದ್ದರು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಅದನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ 1995ರಲ್ಲಿ ತಮ್ಮ ತಾಲೂಕಿನಲ್ಲಿ ‘ನಲಿ-ಕಲಿ’ ಆರಂಭಿಸಿದರು. ರಾಜ್ಯದ ಎಲ್ಲ ಸರಕಾರಿ ಕನ್ನಡ ಸಾಲಿಗಳಿಗೆ ಅದು ಬಂದದ್ದು 2009-10ರಲ್ಲಿ, ಮೊದಲು 1 ಮತ್ತು 2ನೆಯ ತರಗತಿಗೆ, ಮುಂದೆ 3ಕ್ಕೂ. ಮೇಲಿನಿಂದ ಇಳಿದು ಬರುವ ಯೋಜನೆಗಳನ್ನು ನಾವು ಬಹಳ ನೋಡಿದ್ದೆವು. ಇದು ಬೇರೆ ಎನಿಸಿದ್ದಕ್ಕೆ ಕಾರಣ, ಇದನ್ನು ಕಟ್ಟಿದವರು ನಮ್ಮಂತೆಯೇ ಒಂದು ಖೋಲಿಯಲ್ಲಿ ಹಲವು ಇಯತ್ತೆ ನಡೆಸಿ ಸೋತು ಸುಣ್ಣವಾದವರು.

ಖೋಲಿಯ ರೂಪವೇ ಬದಲಾಯಿತು. ಗೋಡೆಯ ಕೆಳಭಾಗಕ್ಕೆ, ಮಕ್ಕಳ ಕೈ ಎಟುಕುವಷ್ಟು ಎತ್ತರದಲ್ಲಿ ಸುತ್ತಲೂ ಬಣ್ಣ ಬಳಿದು ಪ್ರತಿ ಮಗುವಿಗೂ ಬರೆಯಲು ಒಂದೊಂದು ತುಂಡು ಫಳಿ ಮಾಡಿದೆವು. ತಲೆಯ ಮೇಲೆ ಅಡ್ಡಡ್ಡ ದಾರ ಎಳೆದು ಮಕ್ಕಳ ಚಿತ್ರ, ಬರಹ ತೂಗುಹಾಕಿದೆವು. ಅದು ಕಲಿಕಾ ಚಪ್ಪರ. ಗೋಡೆಯ ಮೇಲೆ ಕಲಿಕಾ ಏಣಿ: ಮೆಟ್ಟಿಲಿಗೊಂದು ಚಿತ್ರ, ಸಂಖ್ಯೆ. ಮುಂಜಾನೆ ಬಂದ ಮಗು ಹವಾಮಾನ ನಕ್ಷೆಯಲ್ಲಿ ಬಿಸಿಲೋ ಮೋಡವೋ ಎಂದು ಗುರುತು ಹಾಕಿ, ಏಣಿಯ ಮೇಲೆ ತನ್ನ ಮೆಟ್ಟಿಲು ಹುಡುಕಿ, ಅದೇ ಚಿತ್ರದ ಕಾರ್ಡನ್ನು ಟ್ರೇಯಿಂದ ತೆಗೆದುಕೊಂಡು ತನ್ನ ಗುಂಪಿನಲ್ಲಿ ಕೂಡಬೇಕು. ಹೊಸದನ್ನು ಕಲಿಯುವವರು ನನ್ನ ಪಕ್ಕದಲ್ಲಿ. ಅರೆಬರೆ ಕಲಿತವರು ಕೂಗಿದರೆ ಕೇಳುವಷ್ಟು ದೂರದಲ್ಲಿ. ಜೊತೆಗಾರರಿಂದ ಕಲಿಯುವವರು ಒಂದು ಕಡೆ, ತಾವೇ ಮಾಡಬಲ್ಲವರು ಬಾಗಿಲ ಹತ್ತಿರ. ಒಂದೇ ಗುಂಪಿನಲ್ಲಿ ಒಂದನೆಯ ಇಯತ್ತೆಯ ಹುಡುಗಿಯೂ ಮೂರನೆಯ ಇಯತ್ತೆಯ ಹುಡುಗನೂ ಕೂಡುತ್ತಿದ್ದರು. ಮಕ್ಕಳು ಮಕ್ಕಳಿಗೆ ಕಲಿಸುವುದೇನೂ ಹೊಸದಲ್ಲ. 18ನೆಯ ಶತಮಾನದ ಕೊನೆಯಲ್ಲಿ ಆಂಡ್ರ್ಯೂ ಬೆಲ್ ಮದ್ರಾಸಿನಲ್ಲಿ ನಮ್ಮ ಮಕ್ಕಳು ಮರಳ ಮೇಲೆ ಬೆರಳಾಡಿಸಿ ಬರೆಯುವುದನ್ನು ಕಂಡು, ದೊಡ್ಡ ಮಕ್ಕಳಿಂದ ಸಣ್ಣವರಿಗೆ ಕಲಿಸುವ ಪದ್ಧತಿ ಕಟ್ಟಿ ಇಂಗ್ಲೆಂಡಿಗೆ ಒಯ್ದಿದ್ದ.

ಹೆಸರು ಬಿಡಿಸಲು ಹೋದ ಹುಡುಗ ಈಗ ಮರಳಿ ಬಂದರೆ ಅವನ ಕಾರ್ಡು ಅವನು ಬಿಟ್ಟುಹೋದಲ್ಲೇ ಇರುತ್ತಿತ್ತು. ಈ ಪದ್ಧತಿಯ ಬಗ್ಗೆ ಯಾರು ಏನೇ ಹೇಳಲಿ, ಮಳೆ ಬೆಳೆ ನೋಡಿ ಬದುಕುವ ನಮ್ಮ ತಾಲೂಕುಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ.

ಊರವರು ಸುಲಭಕ್ಕೆ ಒಪ್ಪಲಿಲ್ಲ. ಅಕ್ಷರಗಳ ಸಾಲು ಅ, ಆ, ಇ, ಈ ಬಿಟ್ಟು ರ, ಗ, ಸ, ದ, ಅ ಎಂದು ಶುರುವಾಗುತ್ತಿತ್ತು. “ಅ ಆ ಬಿಟ್ಟು ಇದೆಂಥಾ ಓದ್ರಿ ಅಕ್ಕೋರ? ಬರೇ ಆಟಾ ಆಡಸ್ತೀರಿ, ಪುಸ್ತಕಿಲ್ಲ, ಮನ್ಯಾಗ ಬರಿಯಾಕೂ ಕೊಡಂಗಿಲ್ಲ” ಎಂದು ಅಜ್ಜಂದಿರು ಕಟ್ಟೆಯ ಮೇಲಿಂದಲೇ ಕೇಳುತ್ತಿದ್ದರು. ಒಬ್ಬ ಅಜ್ಜನನ್ನು ಒಳಗೆ ಕರೆದು ಕೂಡಿಸಿದೆ. ಅವರ ಮೊಮ್ಮಗಳು ಸಾಲಿ ಸೇರಿ ಬಹಳ ದಿನವಾಗಿರಲಿಲ್ಲ. ಆ ಐದು ಅಕ್ಷರದ ಬಿಲ್ಲೆಗಳನ್ನು ನೆಲದ ಮೇಲೆ ಸರಿಸಿ ‘ಸರ’ ಮಾಡಿದಳು, ‘ಅರಸ’ ಮಾಡಿದಳು, ‘ಅಗಸ’ ಮಾಡಿದಳು, ಕೊನೆಗೆ ಅಜ್ಜನ ಮುಖ ನೋಡಿ ‘ಗರಗಸ’ ಮಾಡಿ ಗಟ್ಟಿಯಾಗಿ ಓದಿದಳು. ಅಜ್ಜ ಬಡಿಗತನದವರು. ಬರೆಯಲು ಸುಲಭವಾದ, ಆಕಾರದಲ್ಲಿ ಹತ್ತಿರವಿರುವ ಅಕ್ಷರ ಮೊದಲು ಕೊಟ್ಟರೆ ಮಗು ಐವತ್ತು ಅಕ್ಷರ ಮುಗಿಯುವವರೆಗೆ ಕಾಯದೆ ಶಬ್ದ ಓದುತ್ತದೆ ಎಂದು ನಾನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಮುಂದೆ ಕಲಘಟಗಿ ತಾಲೂಕಿಗೆ ವರ್ಗವಾಯಿತು. ಒಂದೇ ಜಿಲ್ಲೆಯಾದರೂ ನೆಲವೇ ಬೇರೆ: ಕಾಡಿನ ಅಂಚು, ಭತ್ತದ ಗದ್ದೆ, ಲಂಬಾಣಿ ತಾಂಡಾ, ಗೌಳಿಗರ ದೊಡ್ಡಿ. ಅಲ್ಲಿ ಮೊದಲ ದಿನ ಮಕ್ಕಳು ಸುಮ್ಮನೆ ಕೂತಿದ್ದರು. ಅವರಿಗೆ ತಿಳಿವಳಿಕೆ ಕಡಿಮೆ ಎಂದು ಮೊದಲಿದ್ದವರು ಹೇಳಿಹೋಗಿದ್ದರು. ನಿಜ ಸಂಗತಿ ಎಂದರೆ ಮನೆಯಲ್ಲಿ ಅವರು ಆಡುವ ಮಾತು ಕನ್ನಡವಲ್ಲ. ‘ನೀರು’ ಎಂಬ ಚಿತ್ರದ ಕಾರ್ಡು ಹಿಡಿದರೆ ತಾಂಡಾದ ಹುಡುಗಿಯೂ ‘ಪಾಣಿ’ ಎನ್ನುತ್ತಿದ್ದಳು, ಗೌಳಿಗರ ಹುಡುಗನೂ ‘ಪಾಣಿ’ ಎನ್ನುತ್ತಿದ್ದ. ರೊಟ್ಟಿಯ ಚಿತ್ರಕ್ಕೆ ತಾಂಡಾದವಳು ‘ಬಾಟಿ’ ಎನ್ನುತ್ತಿದ್ದಳು. ನಾನು ಕಾರ್ಡಿನ ಹಿಂದೆ ಆ ಶಬ್ದಗಳನ್ನೂ ಕನ್ನಡ ಲಿಪಿಯಲ್ಲಿ ಬರೆದೆ. ಮೊದಲು ಅವರ ಶಬ್ದ, ಆಮೇಲೆ ತಿರುಗಿಸಿದರೆ ಕನ್ನಡದ್ದು. ಬಾಯಿ ತೆರೆಯದ ಹುಡುಗಿ ನನಗೆ ಶಬ್ದ ಕಲಿಸತೊಡಗಿದ ಮೇಲೆ ಅವಳು ಕಲಿಯುವುದು ತಾನಾಗಿಯೇ ನಡೆಯಿತು. ತಾಂಡಾದ ಎಷ್ಟೋ ಮನೆಗಳವರು ದುಡಿಯಲು ಗೋವಾಕ್ಕೆ ಹೋಗುತ್ತಿದ್ದರು, ಮಕ್ಕಳೂ ಸಂಗಡ. ಅವರಿಗೂ ಏಣಿಯ ಮೆಟ್ಟಿಲು ಕಾದುಕೊಂಡಿರುತ್ತಿತ್ತು.

ಇಷ್ಟರಲ್ಲಿ ತರಬೇತಿಗಳಲ್ಲಿ ಹೊಸ ಮಾತು ಕೇಳಿಬರತೊಡಗಿತು: ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಕೆಲವರು ಮಾಡಿ ಕಲಿಯುವವರು, ಯಾರು ಯಾವ ಬಗೆ ಎಂದು ಮೊದಲು ಗುರುತಿಸಿ, ಆ ಬಗೆಯಲ್ಲೇ ಕಲಿಸಿ ಎಂದು. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಇಂಥ ವಿಂಗಡಣೆಯೊಂದನ್ನು ಜಗತ್ತಿಗೆಲ್ಲ ಪರಿಚಯಿಸಿದವರು. 1983ರಲ್ಲಿ ಹೊವಾರ್ಡ್ ಗಾರ್ಡ್ನರ್ ಬರೆದ ಬಹುಬಗೆಯ ಬುದ್ಧಿಶಕ್ತಿಯ ಪುಸ್ತಕವನ್ನೂ ಇದರೊಂದಿಗೆ ಬೆರೆಸಿ ಹೇಳುತ್ತಿದ್ದರು. ತಾನು ಹೇಳಿದ್ದು ಅದಲ್ಲ ಎಂದು ಗಾರ್ಡ್ನರ್ ಅವರೇ ಮುಂದೆ ಸ್ಪಷ್ಟಪಡಿಸಿದರು. ಮಕ್ಕಳೆಲ್ಲ ಒಂದೇ ಅಲ್ಲ ಎಂಬ ಮಾತು ನಮ್ಮ ಮನಸ್ಸಿಗೆ ಹಿಡಿಸಿತು. ಮಗುವಿನ ಮೇಲೆ ಚೀಟಿ ಅಂಟಿಸುವುದು ಮಾತ್ರ ಸರಿಬರಲಿಲ್ಲ. ‘ಇವನು ಮಾಡಿ ಕಲಿಯುವವನು’ ಎಂದು ನೋಂದಣಿ ಪುಸ್ತಕದಲ್ಲಿ ಬರೆದ ಮೇಲೆ ಅವನ ಕೈಗೆ ಪುಸ್ತಕ ಕೊಡುವುದು ಕಡಿಮೆಯಾಗುತ್ತದೆ. ‘ದಡ್ಡ’ ಎಂಬ ಹಳೆಯ ಚೀಟಿಗೂ ಇದಕ್ಕೂ ಮಗುವಿನ ಪಾಲಿಗೆ ಎಷ್ಟು ಅಂತರ?

ಕುಂದಗೋಳ ತಾಲೂಕಿನ ಒಂದು ಸಾಲಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. 42ರಲ್ಲಿ 17 ಕಳೆಯಬೇಕು. ಒಬ್ಬ ಹುಡುಗ ಪಾಟಿಯ ಮೇಲೆ ಯಾವಾಗಲೂ 35 ಬರೆಯುತ್ತಿದ್ದ: 7ರಲ್ಲಿ 2 ತೆಗೆದು 5, 4ರಲ್ಲಿ 1 ತೆಗೆದು 3. ಹತ್ತಿ ಕಟ್ಟಿಗೆಯನ್ನು ಬೆರಳುದ್ದ ಮುರಿದು, ಹತ್ತಕ್ಕೊಂದರಂತೆ ದಾರದಿಂದ ಕಟ್ಟು ಕಟ್ಟಿಸಿದೆ. ನಾಲ್ಕು ಕಟ್ಟು, ಎರಡು ಬಿಡಿ. “ಏಳು ಕೊಡು” ಎಂದೆ. ಎರಡು ಕೊಟ್ಟು ಸುಮ್ಮನಾದ. ಬಹಳ ಹೊತ್ತು ಕಟ್ಟುಗಳನ್ನೇ ನೋಡಿ, “ಒಂದ ಕಟ್ಟ ಬಿಚ್ಚಲೇನ್ರಿ?” ಎಂದ. ಬಿಚ್ಚಿದ. ಏಳು ಪೂರ್ತಿ ಮಾಡಿ, ಹದಿನೇಳರ ಹತ್ತಕ್ಕೆ ಇನ್ನೊಂದು ಕಟ್ಟನ್ನೂ ಕೊಟ್ಟ ಮೇಲೆ ಎರಡು ಕಟ್ಟು, ಐದು ಬಿಡಿ ಉಳಿಯಿತು. ಇಷ್ಟಕ್ಕೇ ನಿಂತಿದ್ದರೆ ಅವನು ‘ಮಾಡಿ ಕಲಿಯುವವನು’ ಎಂದು ತೀರ್ಮಾನಿಸಬಹುದಿತ್ತು. ಆದರೆ ಪಕ್ಕದ ಹುಡುಗಿ, ಪಾಟಿಯ ಮೇಲೆ ಸರಸರ ಬರೆದು 25 ತರುವವಳು, ಕಟ್ಟಿಗೆ ಕೊಟ್ಟರೆ ತಡವರಿಸಿದಳು. 4ನ್ನು ಹೊಡೆದು 3 ಯಾಕೆ ಬರೆಯುತ್ತೇವೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಹಾಗೆ ಬರೆಯಬೇಕು ಎಂಬುದಷ್ಟೇ ಗೊತ್ತಿತ್ತು. ಅವನಿಗೆ ಕಟ್ಟಿಗೆಯಿಂದ ಪಾಟಿಗೆ ಬರಬೇಕಾಗಿತ್ತು, ಅವಳಿಗೆ ಪಾಟಿಯಿಂದ ಕಟ್ಟಿಗೆಗೆ ಹೋಗಬೇಕಾಗಿತ್ತು. ಇಬ್ಬರೂ ಬಿಚ್ಚಬೇಕು, ಬಾಯಿಬಿಟ್ಟು ಹೇಳಬೇಕು, ಬರೆಯಬೇಕು. ಇಬ್ಬರನ್ನೂ ಎದುರುಬದುರು ಕೂಡಿಸಿದೆ.

ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಮನಶ್ಶಾಸ್ತ್ರಜ್ಞರು 2008ರಲ್ಲಿ ಇಂಥ ವಿಂಗಡಣೆಯ ಅಧ್ಯಯನಗಳನ್ನೆಲ್ಲ ಜಾಲಾಡಿ, ಮಗುವಿನ ‘ಬಗೆ’ಗೆ ಹೊಂದಿಸಿ ಕಲಿಸಿದರೆ ಹೆಚ್ಚು ಕಲಿಯುತ್ತದೆ ಎಂಬುದಕ್ಕೆ ತಕ್ಕ ಪುರಾವೆ ಇಲ್ಲ ಎಂದು ಬರೆದರು. ಅದನ್ನು ನಾನು ತಿಳಿದದ್ದು ಬಹಳ ತಡವಾಗಿ. ತಿಳಿದಾಗ ಆ ಎದುರುಬದುರು ಕೂತ ಇಬ್ಬರು ನೆನಪಾದರು. ಕುಂದಗೋಳವೆಂದರೆ ಸವಾಯಿ ಗಂಧರ್ವರ ಊರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತ ಗಂಗೂಬಾಯಿ ಹಾನಗಲ್ಲರಿಗೂ, ಅಲ್ಲೇ ಇದ್ದು ಕಲಿತ ಭೀಮಸೇನ ಜೋಶಿಯವರಿಗೂ ಗುರು ಒಬ್ಬರೇ. ಇಬ್ಬರ ಹಾಡಿಕೆ ಮಾತ್ರ ಒಂದರಂತೆ ಒಂದಿಲ್ಲ.

ನಲಿ-ಕಲಿಗೂ ಕೊರತೆಗಳಿದ್ದವು. ಕಾರ್ಡು ಹರಿದರೆ, ಕಳೆದರೆ ಹೊಸತು ಬೇಗ ಬರುತ್ತಿರಲಿಲ್ಲ. ನಾವೇ ರಟ್ಟಿನ ಮೇಲೆ ಬರೆದುಕೊಳ್ಳುತ್ತಿದ್ದೆವು. ಪ್ರತಿ ಮಗುವಿನ ಪ್ರಗತಿ ತುಂಬುವುದರಲ್ಲಿ ಸಂಜೆ ಹೋಗುತ್ತಿತ್ತು. ಎಲ್ಲಕ್ಕಿಂತ ದೊಡ್ಡದು ನಾಲ್ಕನೆಯ ಇಯತ್ತೆಯ ಹೊಸ್ತಿಲು. ಅಲ್ಲಿ ಏಣಿ ನಿಂತುಬಿಡುತ್ತಿತ್ತು, ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ. ಆ ಹೊಸ್ತಿಲಲ್ಲಿ ಎಡವಿದ ಮಕ್ಕಳನ್ನು ನೋಡಿದಾಗೆಲ್ಲ ನನಗೆ ಸಂಕಟವಾಗಿದೆ. ಏಣಿಯನ್ನು ಇನ್ನೆರಡು ವರ್ಷ ಮುಂದುವರಿಸಬೇಕಿತ್ತು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

2020ರ ಮಾರ್ಚಿನಲ್ಲಿ ಕೊರೊನಾದಿಂದ ಸಾಲಿಗಳು ಮುಚ್ಚಿದವು. ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ಸರಕಾರದ ‘ವಿದ್ಯಾಗಮ’ ಯೋಜನೆಯಲ್ಲಿ ಗುಡಿಯ ಕಟ್ಟೆಯ ಮೇಲೆ ಕೆಲವು ತಿಂಗಳು ಕಲಿಸಿದೆವು, ಅದೂ ನಿಂತಿತು. 1ರಿಂದ 5ನೆಯ ಇಯತ್ತೆಯ ಮಕ್ಕಳು ತರಗತಿಗೆ ಮರಳಿದ್ದು 2021ರ ಅಕ್ಟೋಬರ್ 25ಕ್ಕೆ. ಒಂದನೆಯದರಲ್ಲಿ ಬಿಟ್ಟುಹೋದವರು ಮೂರನೆಯದರಲ್ಲಿ ಕೂತಿದ್ದರು. 2022-23ರಲ್ಲಿ ತಪ್ಪಿಹೋದ ಕಲಿಕೆಯನ್ನು ತುಂಬಿಕೊಡುವ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ಬಂದಾಗ ಐದನೆಯ ಇಯತ್ತೆಯ ಸರ್ ನನ್ನ ಖೋಲಿಗೆ ಬಂದು, “ಅಕ್ಕೋರ, ನಿಮ್ಮ ರ-ಗ-ಸ ಕಾರ್ಡ ಇನ್ನೂ ಅದಾವೇನ್ರಿ? ನನ್ನ ಹುಡುಗೂರೊಳಗ ಆರು ಮಂದಿಗೆ ಅಲ್ಲಿಂದನ ಬೇಕಾಗೇತಿ” ಎಂದರು. ಕೊಟ್ಟೆ. ಎರಡು ದಿನ ಬಿಟ್ಟು ಟ್ರೇ ತಂದು ಮರಳಿಸಿದರು. ಸಣ್ಣವರ ಕಾರ್ಡು ಹಿಡಿಯಲು ಆ ಮಕ್ಕಳಿಗೆ ನಾಚಿಕೆ, ಉಳಿದವರು ನಗುತ್ತಾರೆ ಎಂದರು. ಆಗ ಇಬ್ಬರೂ ಕೂತು ಯೋಚಿಸಿ, ಆ ಆರು ಮಂದಿಯನ್ನು ದಿನಾ ಒಂದು ತಾಸು ನನ್ನ ಒಂದನೆಯ ಇಯತ್ತೆಗೆ ‘ಕಲಿಸಲು’ ಕಳಿಸುವುದು ಎಂದು ಮಾಡಿದೆವು. ಹಿಂದಿನ ಸಂಜೆ ಸರ್ ಅವರಿಗೆ ನಾಳೆಯ ಕಾರ್ಡು ತಯಾರು ಮಾಡಿಸುತ್ತಿದ್ದರು, ಮರುದಿನ ಅವರು ಸಣ್ಣವರ ಬೆರಳು ಹಿಡಿದು ತಿದ್ದಿಸುತ್ತಿದ್ದರು. ಮೂರು ತಿಂಗಳಾಗುವ ಹೊತ್ತಿಗೆ ಆರರಲ್ಲಿ ನಾಲ್ವರು ತಮ್ಮ ಕನ್ನಡ ಪುಸ್ತಕದ ಪಾಠ ಓದತೊಡಗಿದರು. ಉಳಿದಿಬ್ಬರಿಗೆ ಒತ್ತಕ್ಷರ ದಾಟಲು ಇಡೀ ವರ್ಷ ಹಿಡಿಯಿತು.