ಆಟಕ್ಕುಂಟು, ಲೆಕ್ಕಕ್ಕಿಲ್ಲ

ಲಗೋರಿಗೆ ಏಳು ಕಲ್ಲು ಪೇರಿಸುವಾಗಲೇ ಓಣಿಯ ಮಕ್ಕಳಿಗೊಂದು ತಾಪತ್ರಯ ಎದುರಾಗುತ್ತಿತ್ತು. ಅಕ್ಕನ ಲಂಗದ ಅಂಚು ಹಿಡಿದು ಬಂದ 4 ವರ್ಷದ ಪೋರನನ್ನು ಏನು ಮಾಡುವುದು? ಬಿಟ್ಟು ಆಡಿದರೆ ಅವನ ಅಳು, ಮನೆಯವರ ಬೈಗುಳ. ಸೇರಿಸಿಕೊಂಡರೆ ಪಕ್ಷಕ್ಕೆ ಸೋಲು. ಕೊನೆಗೆ ಮಕ್ಕಳೇ ತೀರ್ಮಾನ ಮಾಡುತ್ತಿದ್ದರು: 'ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ.' ಚೆಂಡು ತಾಗಿದರೂ ಅವನು ಔಟಲ್ಲ. ದೊಡ್ಡ ಹುಡುಗರು ಅವನತ್ತ ಮೆಲ್ಲಗೆ ಎಸೆಯುತ್ತಿದ್ದರು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅವನೂ ಲೆಕ್ಕಕ್ಕೆ ಬರುತ್ತಿದ್ದ. ಬೆನ್ನಿಗೆ ಚೆಂಡಿನ ಪೆಟ್ಟೂ ಬಿಗಿಯಾಗಿಯೇ ಬೀಳುತ್ತಿತ್ತು.

ಅಲ್ಲಿ ಅಂಪೈರ್ ಇರಲಿಲ್ಲ. ಜಗಳವಾದರೆ ಆಟ ನಿಲ್ಲುತ್ತಿತ್ತು. ಆಟ ಬೇಕೆಂದರೆ ಜಗಳವನ್ನು ತಾವೇ ಬಗೆಹರಿಸಿಕೊಳ್ಳಬೇಕಿತ್ತು. ಸೋತರೂ ಮಾರನೆಯ ದಿನ ಮತ್ತೆ ಬರುವುದನ್ನು, ಬಲವಿದ್ದೂ ಕೈ ತಡೆಯುವುದನ್ನು ಯಾವ ಪಾಠವೂ ಇಷ್ಟು ಸಲೀಸಾಗಿ ಕಲಿಸದು.

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನು ಹಕ್ಕೆಂದೇ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿತು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈದಣಿಯುವ ಚಟುವಟಿಕೆ ಬೇಕೆನ್ನುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಆದರೆ ಪರೀಕ್ಷೆ ಹತ್ತಿರ ಬಂದರೆ ಆಟದ ಪೀರಿಯಡ್ ಗಣಿತದ ಮೇಷ್ಟರ ಪಾಲು, ಸಂಜೆ ಟ್ಯೂಷನ್ನಿನ ಪಾಲು. ಬೇಸಿಗೆ ಶಿಬಿರಕ್ಕೆ ಹಣ ಕಟ್ಟಿ ಕಳುಹಿಸಿದರೂ, ಅಲ್ಲಿ ತಂಡ ಕಟ್ಟುವವರೂ ತೀರ್ಪು ಕೊಡುವವರೂ ಹಿರಿಯರೇ.

ಅಂದು ಲೆಕ್ಕಕ್ಕಿಲ್ಲದವನು ಪುಟ್ಟ ತಮ್ಮನೊಬ್ಬ. ಇಂದು ಆಟವೇ ವೇಳಾಪಟ್ಟಿಗುಂಟು, ಲೆಕ್ಕಕ್ಕಿಲ್ಲ. ತಮ್ಮನನ್ನು ಲೆಕ್ಕಕ್ಕೆ ತಂದವರು ಮಕ್ಕಳು. ದೊಡ್ಡವರು ಸಂಜೆಯ ಒಂದು ಗಂಟೆಯನ್ನು ಮಕ್ಕಳಿಗೇ ಬಿಟ್ಟುಕೊಟ್ಟರೆ, ಆಟವೂ ಲೆಕ್ಕಕ್ಕೆ ಬಂದೀತು.