ಬೇಸಿಗೆಗೆ ಬಂದ ಚಳಿಗಾಲದ ಹಬ್ಬ

ಭೂಮಿಯ ಅಕ್ಷ ಇಪ್ಪತ್ತಮೂರೂವರೆ ಡಿಗ್ರಿಯಷ್ಟು ಓರೆಯಾಗಿದೆ. ಆದ್ದರಿಂದ ಉತ್ತರ ಗೋಳಾರ್ಧದಲ್ಲಿ ಚಳಿಗಾಲವಿದ್ದಾಗ ದಕ್ಷಿಣದಲ್ಲಿ ಬೇಸಿಗೆ. ಈ ಪಾಠವನ್ನು ಮೂವತ್ತು ವರ್ಷಗಳಿಂದ ಗ್ಲೋಬು, ಟಾರ್ಚು ಹಿಡಿದು ಮಕ್ಕಳಿಗೆ ಹೇಳಿಕೊಂಡು ಬಂದವನು ನಾನು. ಈ ಓರೆ ಜನರ ಹಬ್ಬಗಳನ್ನು ಎಷ್ಟು ವಿಚಿತ್ರವಾಗಿ ತಿರುಗಿಸಿಬಿಡುತ್ತದೆ ಎಂಬುದನ್ನು ಕಣ್ಣಾರೆ ಕಂಡದ್ದು ಮಾತ್ರ ಎರಡು ವರ್ಷದ ಹಿಂದೆ, ಗಳಿಕೆ ರಜೆ ಹಾಕಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿರುವ ತಂಗಿಯ ಮಗನ ಮನೆಗೆ ಹೋಗಿದ್ದಾಗ.

ಡ್ಯುನೆಡಿನ್ ಎಂಬ ಹೆಸರಿನಲ್ಲೇ ಆ ಊರಿನ ಕಥೆಯಿದೆ. ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋಗೆ ಅಲ್ಲಿಯ ಹಳೆಯ ಗೇಲಿಕ್ ಭಾಷೆಯಲ್ಲಿರುವ ಹೆಸರಿನಿಂದ ಬಂದದ್ದು ಅದು. 1848ರಲ್ಲಿ ಎರಡು ಹಡಗುಗಳಲ್ಲಿ ಬಂದಿಳಿದ ಮುನ್ನೂರಕ್ಕೂ ಹೆಚ್ಚು ಜನ ಅಲ್ಲಿ ನೆಲೆ ನಿಂತರು. ಆ ನೆಲವೇನೂ ಬರಿದಾಗಿರಲಿಲ್ಲ. ಮಾವೊರಿ ಜನ ತಲೆತಲಾಂತರದಿಂದ ಅಲ್ಲಿ ಬಾಳುತ್ತಿದ್ದರು. ಬಂದವರ ಮುಂದಾಳುಗಳಲ್ಲಿ ಒಬ್ಬರಾದ ಪಾದ್ರಿ ಥಾಮಸ್ ಬರ್ನ್ಸ್, ಸ್ಕಾಟ್ಲೆಂಡಿನ ಮಹಾಕವಿ ರಾಬರ್ಟ್ ಬರ್ನ್ಸ್‌ನ ತಮ್ಮನ ಮಗ. ಆ ಕವಿಯ ಪ್ರತಿಮೆ ಇಂದಿಗೂ ಊರಿನ ನಟ್ಟನಡುವೆ ಕುಳಿತಿದೆ. ಕವಿ ಇಗರ್ಜಿಗೆ ಬೆನ್ನು ಹಾಕಿ ಹೆಂಡದಂಗಡಿಯ ಕಡೆ ಮುಖ ಮಾಡಿದ್ದಾನೆ ಎಂದು ಊರವರೇ ನಗೆಯಾಡುತ್ತಾರೆ.

ನಾನು ಅಲ್ಲಿದ್ದಾಗ ಜನವರಿ 25 ಬಂತು. 1759ರ ಅದೇ ದಿನ ರೈತನೊಬ್ಬನ ಮನೆಯಲ್ಲಿ ಹುಟ್ಟಿದ ಬರ್ನ್ಸ್, ತನ್ನ ಜನರ ಆಡುಮಾತಿನಲ್ಲೇ ಹಾಡು ಕಟ್ಟಿ ಮೂವತ್ತೇಳಕ್ಕೇ ತೀರಿಕೊಂಡವನು. ಪ್ರಪಂಚದಲ್ಲಿ ಸ್ಕಾಟರು ಎಲ್ಲೆಲ್ಲಿ ಇದ್ದಾರೋ ಅಲ್ಲೆಲ್ಲ ಆ ರಾತ್ರಿ ಅವನ ಹೆಸರಿನಲ್ಲಿ ಊಟವಿರುತ್ತದೆ. ಅಲ್ಲಿಯ ಸ್ಕಾಟಿಷ್ ಸಂಘವೊಂದರ ಊಟಕ್ಕೆ ತಂಗಿಯ ಮಗ ನನ್ನನ್ನೂ ಕರೆದುಕೊಂಡು ಹೋದ. ಪೈಪ್ ವಾದ್ಯದವನು ಮುಂದೆ, ತಟ್ಟೆಯಲ್ಲಿ ಹ್ಯಾಗಿಸ್ ಹೊತ್ತವರು ಹಿಂದೆ, ಎಲ್ಲರೂ ಎದ್ದು ನಿಂತು ಚಪ್ಪಾಳೆ. ಹ್ಯಾಗಿಸ್ ಎಂದರೆ ಕುರಿಯ ಗುಂಡಿಗೆ, ಈಲಿ, ಶ್ವಾಸಕೋಶಗಳನ್ನು ಕೊಚ್ಚಿ, ಓಟ್ಸ್, ಈರುಳ್ಳಿ, ಮಸಾಲೆ ಬೆರೆಸಿ ಕುರಿಯ ಜಠರದಲ್ಲಿ ತುಂಬಿ ಬೇಯಿಸಿದ್ದು. ಏನನ್ನೂ ಬಿಸಾಡಲಾರದ ಬಡವರ ಅಡುಗೆ. ನನ್ನಂಥ ಸಸ್ಯಾಹಾರಿಗಳಿಗೆ ಬೇಳೆ, ಓಟ್ಸ್ ಹಾಕಿ ಮಾಡಿದ ಬೇರೆ ಹ್ಯಾಗಿಸ್ ಇತ್ತು. ಜೊತೆಗೆ ಆಲೂಗಡ್ಡೆ, ಟರ್ನಿಪ್ ಗೆಡ್ಡೆಗಳ ಹಿಸುಕಿದ ಪಲ್ಯ. ಕೊರೆಯುವ ಚಳಿಯಲ್ಲಿ ಮೈ ಬಿಸಿ ಮಾಡಲು ತಕ್ಕ ಊಟ. ಆದರೆ ಹೊರಗೆ ರಾತ್ರಿ ಒಂಬತ್ತಾದರೂ ಬೆಳಕು ಆರಿರಲಿಲ್ಲ, ಕಿಟಕಿಗಳೆಲ್ಲ ತೆರೆದಿದ್ದವು!

ಹೊಸ ವರ್ಷದ ಹಿಂದಿನ ರಾತ್ರಿ ಹಾಗ್ಮನೇ ಎಂಬ ಹಬ್ಬದ ಕಥೆಯೂ ಹೀಗೆಯೇ. ಸ್ಕಾಟ್ಲೆಂಡಿನಲ್ಲಿ ಕ್ರಿಸ್‌ಮಸ್‌ಗೆ ಸಾರ್ವಜನಿಕ ರಜೆ ಬಂದದ್ದೇ 1958ರಲ್ಲಿ. ಅಲ್ಲಿಯವರೆಗೆ ಚಳಿಗಾಲದ ದೊಡ್ಡ ಹಬ್ಬ ಇದೇ. ನಡುರಾತ್ರಿ ಕಳೆದ ಮೇಲೆ ಹೊಸ್ತಿಲು ದಾಟಿ ಬರುವ ಮೊದಲ ಅತಿಥಿ ಕಪ್ಪು ಕೂದಲಿನವನಾಗಿದ್ದು, ಕೈಯಲ್ಲಿ ಒಂದು ತುಂಡು ಕಲ್ಲಿದ್ದಲು ತಂದರೆ ಮನೆಗೆ ಶುಭವೆಂಬ ನಂಬಿಕೆ. ಡಿಸೆಂಬರ್ ಕೊನೆಯಲ್ಲಿ ಎಡಿನ್‌ಬರೋದಲ್ಲಿ ಹಗಲು ಸುಮಾರು ಏಳೇ ಗಂಟೆ. ಆ ಕತ್ತಲಲ್ಲಿ ಕಲ್ಲಿದ್ದಲಿನ ಬೆಲೆ ಏನೆಂದು ಬೇರೆ ಹೇಳಬೇಕಿಲ್ಲ. ಡ್ಯುನೆಡಿನ್‌ನಲ್ಲಿ ಅದೇ ಹೊತ್ತಿಗೆ ಹಗಲು ಹದಿನೈದು ಗಂಟೆಗೂ ಹೆಚ್ಚು. ಅಲ್ಲಿ ಕಲ್ಲಿದ್ದಲು ಯಾರಿಗೆ ಬೇಕು?

ಊಟದ ಪಂಕ್ತಿಯಲ್ಲಿ ಪಕ್ಕ ಕುಳಿತಿದ್ದ ಹಿರಿಯರೊಬ್ಬರನ್ನು ಕೇಳಿಯೇಬಿಟ್ಟೆ: "ಇದನ್ನು ಜೂನ್ ತಿಂಗಳಿಗೆ ಹಾಕಿಕೊಂಡರೆ ಚಳಿಯೂ ಸಿಗುತ್ತದಲ್ಲ?" ಅವರು ನಕ್ಕು, "ಚಳಿ ಸಿಗುತ್ತದೆ, ಜೊತೆ ಸಿಗುವುದಿಲ್ಲ. ಇವತ್ತು ಊರಿನಲ್ಲೂ, ಕೆನಡಾದಲ್ಲೂ ನಮ್ಮವರು ಇದೇ ಊಟಕ್ಕೆ ಕೂರುತ್ತಾರೆ" ಎಂದರು. ಆಗ ಒಂದು ಸ್ವಾರಸ್ಯ ನೆನಪಾಯಿತು. 1801ರಲ್ಲಿ ಗೆಳೆಯರು ಒಂಬತ್ತು ಮಂದಿ ಕವಿ ಹುಟ್ಟಿದ ಮನೆಯಲ್ಲಿ ಸೇರಿ ಮಾಡಿದ ಮೊದಲ ಊಟ ಅವನು ಸತ್ತ ದಿನದಂದು, ಅಂದರೆ ಜುಲೈ 21ರಂದು. ಅದು ಅವರ ನಾಡಿನ ಬೇಸಿಗೆ! ಹುಟ್ಟಿದ ದಿನಕ್ಕೆ ಬದಲಾದ ಮೇಲಷ್ಟೇ ಅದು ಚಳಿಗಾಲದ ಹಬ್ಬವಾದದ್ದು. ಋತು ಬದಲಾದರೂ ಹಬ್ಬ ಬದುಕುತ್ತದೆ. ಅದನ್ನು ಬದುಕಿಸುವುದು ಕೂಡಿ ಮಾಡುವ ಜನ.

ಕೂಡುವುದೆಂದರೆ ಬರೀ ಊಟವೂ ಅಲ್ಲ. ಹೊರನಾಡಿನ ಸ್ಕಾಟರ ಸಂಘಗಳು ಹುಟ್ಟಿದ್ದೇ ಕಷ್ಟಕ್ಕೆ ಆಗಲೆಂದು. ಅಮೆರಿಕದ ಬಾಸ್ಟನ್‌ನಲ್ಲಿ 1657ರಲ್ಲಿ ಇಪ್ಪತ್ತೇಳು ಮಂದಿ ಸ್ಕಾಟರು ದಿಕ್ಕಿಲ್ಲದ ತಮ್ಮವರಿಗಾಗಿ ಕಟ್ಟಿದ ದಾನಸಂಘ ಇಂದಿಗೂ ಇದೆ. ಡ್ಯುನೆಡಿನ್‌ನಲ್ಲಿ 1862ರಲ್ಲಿ ಆರಂಭವಾದ ಕ್ಯಾಲೆಡೋನಿಯನ್ ಸಂಘ ಆಟೋಟಗಳ ಜೊತೆಗೆ ದುಡಿಯುವ ಹುಡುಗರಿಗಾಗಿ ಸಂಜೆ ತರಗತಿಗಳನ್ನೂ ನಡೆಸಿತ್ತು. ನ್ಯೂಜಿಲೆಂಡಿನ ಮೊದಲ ವಿಶ್ವವಿದ್ಯಾಲಯ 1869ರಲ್ಲಿ ಸ್ಥಾಪನೆಯಾದದ್ದೂ ಈ ಊರಿನಲ್ಲೇ. ಮೇಷ್ಟರಾದ ನನಗೆ ಹ್ಯಾಗಿಸ್‌ಗಿಂತ ಇದು ಹೆಚ್ಚು ರುಚಿಸಿತು.

ತಂಗಿಯ ಮಗನ ಎಂಟು ವರ್ಷದ ಮಗಳು ವಾರಕ್ಕೊಮ್ಮೆ ಸ್ಕಾಟಿಷ್ ನೃತ್ಯದ ತರಗತಿಗೆ ಹೋಗುತ್ತಾಳೆ. ತುದಿಗಾಲಲ್ಲಿ ನೆಗೆಯುವ ಆ ಕುಣಿತವನ್ನು ನಮಗೆಲ್ಲ ಮಾಡಿ ತೋರಿಸಿದಳು. ಸಂತೋಷವೇ. ಆದರೆ ಭದ್ರಾವತಿಯಿಂದ ಫೋನಿನಲ್ಲಿ ನನ್ನ ತಂಗಿ, "ಪುಟ್ಟೀ, ಊಟ ಆಯ್ತೇನೇ?" ಎಂದರೆ ಮಗು ಇಂಗ್ಲಿಷಿನಲ್ಲಿ ಏನೋ ಹೇಳಿ ಫೋನು ಅಪ್ಪನ ಕೈಗೆ ಕೊಟ್ಟು ಓಡುತ್ತಿತ್ತು. ಮೊಮ್ಮಗಳು ಹೇಳಿದ್ದನ್ನು ಮಗನ ಬಾಯಿಂದ ತಿಳಿಯಬೇಕಾದ ಅಜ್ಜಿಯ ಸಂಕಟ ನನಗೆ ಗೊತ್ತು.

ಹಾಗೆಂದು ಅವರ ಮನೆಯಲ್ಲಿ ಹಬ್ಬಗಳೇನೂ ನಿಂತಿಲ್ಲ. ಯುಗಾದಿ ಮಾಡುತ್ತಾರೆ. ಮಾವು ಚಿಗುರುವ ಕಾಲದ ಹಬ್ಬ ಅಲ್ಲಿ ಎಲೆ ಉದುರುವ ಕಾಲಕ್ಕೆ ಬರುತ್ತದೆ. "ಇಲ್ಲಿ ಬೇವಿನ ಮರ ಎಲ್ಲಿಂದ ತರೋದು ಮಾವ? ಒಣ ಬೇವಿನ ಪುಡಿಯೇ ಗತಿ" ಎಂದ ಹುಡುಗ. "ಬೇವು ಪುಡಿಯಾದರೂ ನಡೆಯುತ್ತೆ ಕಣೋ, ಮಾತು ಪುಡಿಯಾಗಬಾರದು" ಎಂದೆ. ನಾನು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು.

ನ್ಯೂಜಿಲೆಂಡಿನ ಉತ್ತರ ತುದಿಯ ಕಡೆ ವೈಪು ಎಂಬ ಸಣ್ಣ ಊರಿದೆ. ಅಲ್ಲಿಗೆ 1850ರ ದಶಕದಲ್ಲಿ ಬಂದವರು ಎರಡು ಬಾರಿ ವಲಸೆ ಹೋದ ಸ್ಕಾಟರು: ಮೊದಲು ಕೆನಡಾದ ನೋವಾಸ್ಕೋಶಿಯಾ, ಅಲ್ಲಿಂದ ಮತ್ತೆ ಹಡಗು ಹತ್ತಿ ಇಲ್ಲಿಗೆ. ಅವರ ಮನೆಮಾತು ಗೇಲಿಕ್. 1871ರಲ್ಲಿ ಅವರು ಆರಂಭಿಸಿದ ಆಟೋಟಗಳು ಈಗಲೂ ಹೊಸ ವರ್ಷದ ದಿನ ನಡೆಯುತ್ತವೆ. ಉದ್ದನೆಯ ಮರದ ದಿಮ್ಮಿಯನ್ನು ಎತ್ತಿ, ಅದು ಗಾಳಿಯಲ್ಲಿ ತಲೆಕೆಳಗಾಗಿ ನೇರ ಬೀಳುವಂತೆ ಎಸೆಯುವ ಸ್ಪರ್ಧೆಯೂ ಇದೆ. ಎಷ್ಟು ದೂರ ಬಿತ್ತೆಂಬುದು ಲೆಕ್ಕಕ್ಕಿಲ್ಲ, ಎಷ್ಟು ನೇರವಾಗಿ ಬಿತ್ತೆಂಬುದೇ ಮುಖ್ಯ. ದಿಮ್ಮಿ ಉಳಿಯಿತು, ಪೈಪು ಉಳಿಯಿತು, ಚೌಕಳಿಯ ಉಡುಪು ಉಳಿಯಿತು. ಗೇಲಿಕ್ ಮಾತ್ರ ಉಳಿಯಲಿಲ್ಲ; ಇಂದು ಆ ಊರಿನ ಆಡುಮಾತು ಇಂಗ್ಲಿಷ್. ಭಾಷೆಯನ್ನು ಯಾರೂ ಬೇಕೆಂದು ಎಸೆಯಲಿಲ್ಲ. ಮಕ್ಕಳ ಶಾಲೆಗೆ, ಸಂಬಳಕ್ಕೆ ಇಂಗ್ಲಿಷ್ ಸಾಕಾಯಿತು, ಅಷ್ಟೆ.

ಬರ್ನ್ಸ್‌ನ 'ಆಲ್ಡ್ ಲ್ಯಾಂಗ್ ಸೈನ್' ಹಾಡಿನ ಗತಿಯನ್ನೂ ನೋಡಿ. ಅದರ ಧಾಟಿಗೆ ರವೀಂದ್ರನಾಥ ಠಾಕೂರರು ಬಂಗಾಳಿ ಗೀತೆ ಬರೆದರು. ಜಪಾನಿನ ಶಾಲೆಗಳಲ್ಲಿ ಮಕ್ಕಳನ್ನು ಬೀಳ್ಕೊಡುವ ಹಾಡಾಗಿ ಅದೇ ಧಾಟಿ ಕೇಳುತ್ತದೆ. ಹೊಸ ವರ್ಷದ ರಾತ್ರಿ ಲೋಕವೆಲ್ಲ ಅದನ್ನು ಹಾಡುತ್ತದೆ. ಆದರೆ ಹಾಡುವವರಲ್ಲಿ ಬಹುಮಂದಿಗೆ ಮಾತಿನ ಅರ್ಥ ಗೊತ್ತಿಲ್ಲ. ಧಾಟಿ ಸಮುದ್ರ ದಾಟುವುದು ಸುಲಭ, ಮಾತು ದಾಟುವುದು ಕಷ್ಟ.

ಹೋದದ್ದು ಮರಳಿ ಬರುವುದೇ ಇಲ್ಲವೆಂದೂ ಅಲ್ಲ. ಕೃತ್ತಿಕಾ ನಕ್ಷತ್ರಪುಂಜ ನಡುಚಳಿಗಾಲದ ಮುಂಜಾವಿನಲ್ಲಿ ಮತ್ತೆ ಕಾಣಿಸಿಕೊಂಡಾಗ ಬರುವ ಮಾವೊರಿ ಹೊಸ ವರ್ಷ ಮಾತಾರಿಕಿಗೆ 2022ರಿಂದ ನ್ಯೂಜಿಲೆಂಡ್ ಸರ್ಕಾರ ರಾಷ್ಟ್ರೀಯ ರಜೆ ಕೊಟ್ಟಿದೆ. ಅದರ ಹಿಂದೆ ತಮ್ಮ ಭಾಷೆಯನ್ನು ಶಿಶುವಿಹಾರದಿಂದಲೇ ಕಲಿಸಲು ಹೊರಟ ಮಾವೊರಿ ತಾಯಂದಿರ, ಅಜ್ಜಿಯರ ದಶಕಗಳ ದುಡಿಮೆಯಿದೆ.

ತಂಗಿಯ ಮನೆಯಲ್ಲಿ ಈಗ ಒಂದು ಏರ್ಪಾಡಾಗಿದೆ. ಪ್ರತಿ ಭಾನುವಾರ ಅರ್ಧ ಗಂಟೆ ಅಜ್ಜಿ, ಮೊಮ್ಮಗಳು ಇಬ್ಬರೇ ಮಾತನಾಡಬೇಕು. ನಡುವೆ ಅಪ್ಪ ಬಾಯಿ ಹಾಕುವಂತಿಲ್ಲ. ಮಗುವಿನ ಕನ್ನಡ ಇನ್ನೂ ತಡವರಿಸುತ್ತದೆ. ಕಳೆದ ವಾರ ತನ್ನ ನೃತ್ಯವನ್ನು ವಿವರಿಸುತ್ತ "ಅಜ್ಜಿ, ಕಾಲು ಹಾರತ್ತೆ, ನಾನು ಬೀಳಲ್ಲ" ಎಂದಳಂತೆ. ತಂಗಿ ಅದನ್ನು ಬೀದಿಗೆಲ್ಲ ಹೇಳಿಕೊಂಡು ಬಂದಳು.

ತಂದೆತಾಯಂದಿರೇ, ಇದು ಬರೀ ಹೊರದೇಶದವರ ಮಾತಲ್ಲ. ನಮ್ಮೂರಿನ ಮಕ್ಕಳಿಗೂ ಶಾಲೆಗೆ ಇಂಗ್ಲಿಷ್ ಸಾಕಾಗುತ್ತಿರುವ ಕಾಲವಿದು. ಹಬ್ಬಕ್ಕೆ ವರ್ಷಕ್ಕೊಂದು ದಿನ ಸಾಕಾದೀತು, ಮನೆಮಾತಿಗೆ ದಿನವೂ ಬೇಕು. ವಿದ್ಯಾರ್ಥಿಗಳೇ, ನೀವು ಇಂದು ಸಂಜೆ ಅಜ್ಜಿಯ ಹತ್ತಿರ ಕುಳಿತು, ಅವರ ಬಾಲ್ಯದಲ್ಲಿ ಯುಗಾದಿ ಹೇಗಿತ್ತೆಂದು ಕೇಳಿ. ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ.